ಎಷ್ಟಾದರೆ ಸಾಕು?

ಹೊರಗಿನವರಿಗೆ ಅದು ಶರಣಬಸವೇಶ್ವರ ದೇವಸ್ಥಾನ. ಕಲಬುರಗಿಯ ನಮಗೆ ಬರೀ 'ಅಪ್ಪನ ಗುಡಿ'. ಪಕ್ಕದ ಕೆರೆಯೂ ಅಪ್ಪನ ಕೆರೆಯೇ. ಅರಳಗುಂಡಗಿಯಿಂದ ಬಂದ ಶರಣರು ಇಲ್ಲಿ ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದರು. ಚಿಕ್ಕವಳಿದ್ದಾಗ ಆಯಿಯ ಸೆರಗು ಹಿಡಿದು ಅಲ್ಲಿನ ಪಂಕ್ತಿಯಲ್ಲಿ ಊಟಕ್ಕೆ ಕೂತದ್ದು ನನಗೆ ಚೆನ್ನಾಗಿ ನೆನಪಿದೆ. ಬಡಿಸುವವರು ಮೊದಲು ನಮ್ಮ ತಾಟು ನೋಡುತ್ತಿದ್ದರು, ಆಮೇಲೆ ಮುಖ ನೋಡುತ್ತಿದ್ದರು. "ಸಾಕೇನವ್ವಾ, ಇನ್ನೊಂದೀಟು ಹಾಕ್ಲೇನು?" ಎಂದು ಕೇಳುತ್ತಿದ್ದರು. ಮಗುವಿಗೆ ಒಂದಳತೆ, ಗಳೆ ಹೊಡೆದು ಬಂದ ಗಂಡಾಳಿಗೆ ಇನ್ನೊಂದಳತೆ.

ಅದೇ 'ಎಷ್ಟು ಸಾಕು' ಎಂಬ ಪ್ರಶ್ನೆ ಐವತ್ತು ವರ್ಷಗಳ ಮೇಲೆ ಐ.ಸಿ.ಯು. ಬಾಗಿಲಲ್ಲಿ ಮತ್ತೆ ಎದುರಾಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

2019ರ ಬೇಸಿಗೆ. ಅವ್ವನಿಗೆ ಆಗ ಎಪ್ಪತ್ತೆಂಟು. ಇಪ್ಪತ್ತು ವರ್ಷದಿಂದ ಬಿ.ಪಿ. ಗುಳಿಗೆ ನುಂಗುತ್ತಿದ್ದ ಜೀವ. ಎರಡು ದಿನದಿಂದ ಉರಿಮೂತ್ರ ಎನ್ನುತ್ತಿದ್ದಳು. ಮೂರನೆಯ ಸಂಜೆ ನಡುಕ ಬಂದು ಜ್ವರ ಏರಿತು. "ಮುಂಜಾನೆ ದವಾಖಾನಿಗೆ ಹೋದ್ರಾಯ್ತು, ಈಗ ಮಲಕೋ" ಎಂದವಳು ನಾನೇ. ನಡುರಾತ್ರಿ ನೀರು ಕೊಡಲು ಹೋದರೆ ಅವ್ವ ನನ್ನನ್ನು ತನ್ನ ಸತ್ತ ಅಕ್ಕನ ಹೆಸರಿನಿಂದ ಕರೆದಳು. ನಿದ್ದೆಗಣ್ಣಿರಬೇಕೆಂದುಕೊಂಡೆ. ಕಾಲು ಮುಟ್ಟಿದೆ, ತಣ್ಣಗಿದ್ದವು. ಚಾದರ ಹೊದಿಸಿ ಬಂದೆ. ಆ ಚಾದರ ಹೊದಿಸಿದ ಕೈ ಇಂದಿಗೂ ನನ್ನನ್ನು ಕೇಳುತ್ತದೆ.

ಬೆಳಿಗ್ಗೆ ಅವ್ವ ಏಳಲಿಲ್ಲ. ಮೂತ್ರದ ನಂಜು ರಕ್ತಕ್ಕೇರಿದೆ, ಸೆಪ್ಟಿಕ್ ಶಾಕ್ ಎಂದರು ದವಾಖಾನೆಯಲ್ಲಿ. ನಂಜು ಏರಿದಾಗ ರಕ್ತನಾಳಗಳು ಸಡಿಲಾಗಿ ಹಿಗ್ಗುತ್ತವೆ, ಜಿನುಗುತ್ತವೆ. ದಂಡೆ ಕುಸಿದ ಕಾಲುವೆಯಲ್ಲಿ ನೀರಿದ್ದರೂ ಕೊನೆಯ ಹೊಲ ಮುಟ್ಟುವುದಿಲ್ಲವಲ್ಲ, ಹಾಗೆ ರಕ್ತವಿದ್ದರೂ ಮಿದುಳು, ಮೂತ್ರಪಿಂಡಗಳಿಗೆ ಸರಿಯಾಗಿ ಮುಟ್ಟುವುದಿಲ್ಲ. ನಂಜಿಗೆ ಆಂಟಿಬಯಾಟಿಕ್, ನಾಳ ತುಂಬಲು ಸಲೈನ್, ನಾಳ ಬಿಗಿಯಲು ನಾರ್‌ಅಡ್ರಿನಲಿನ್. ಮೂರೂ ಸುರುವಾದವು.

ನನ್ನ ತಮ್ಮನ ಕಣ್ಣು ಮಾನಿಟರ್ ಮೇಲೆ. "ಮೇಡಂ, ಬಿ.ಪಿ. ನೂರಿಪ್ಪತ್ತು ಇರಬೇಕಲ್ರೀ? ತೊಂಬತ್ತಕ್ಕ ಯಾಕ ನಿಲ್ಲಿಸೀರಿ? ಇನ್ನೆರಡು ಸಲೈನ್ ಹಚ್ಚ್ರಿ."

"ಅಣ್ಣಾರ, ಸದ್ಯ ನಮಗ ಬೇಕಾದ್ದು ಸರಾಸರಿ ಅರವತ್ತೈದು" ಎಂದಳು ಆ ಎಳೆಯ ವೈದ್ಯೆ. "ಸುಮ್ನ ನೀರು ಹಾಕ್ಕೋತ ಹೋದ್ರ ಪುಪ್ಪುಸಕ್ಕ ಇಳೀತದ." ಹಾಗೆಂದವಳು ಅವ್ವನ ಬೆರಳ ತುದಿ ಒತ್ತಿಹಿಡಿದು, ಬಿಟ್ಟು, ಬಿಳುಚಿದ ಜಾಗ ಮತ್ತೆ ಕೆಂಪಾಗುವವರೆಗೆ ತುಟಿಯಲ್ಲೇ ಎಣಿಸಿದಳು. ಸುತ್ತ ಅಷ್ಟೊಂದು ಯಂತ್ರ, ಈಕೆ ನೋಡುತ್ತಿರುವುದು ಬೆರಳು!

ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು ನಾನು. ಈ ಅರವತ್ತೈದು ಯಾರು ಇಟ್ಟ ಲೆಕ್ಕ? ಅದಕ್ಕೂ ಮೊದಲು ಎಷ್ಟಿತ್ತು? ಅವ್ವ ಮನೆಗೆ ಬಂದ ಮೇಲೆ ಹುಡುಕುತ್ತಾ ಕೂತೆ. ಸಿಕ್ಕಿದ್ದನ್ನು ನಿಮಗೆ ಹೇಳಬೇಕೆನಿಸಿದೆ.

ಶರಣರು ಲಿಂಗೈಕ್ಯರಾದ ಹತ್ತು ವರ್ಷಕ್ಕೆ, 1832ರಲ್ಲಿ, ಸ್ಕಾಟ್ಲೆಂಡಿನ ಲೀತ್ ಎಂಬ ಊರಲ್ಲಿ ಥಾಮಸ್ ಲಾಟಾ ಎಂಬ ವೈದ್ಯ ಕಾಲರಾದಿಂದ ನಾಡಿಯೇ ಸಿಗದಿದ್ದ ಒಬ್ಬ ಮುದುಕಿಯ ರಕ್ತನಾಳಕ್ಕೆ ಉಪ್ಪುನೀರು ಬಿಟ್ಟ. ಕಾಲರಾ ಬೇರೆ, ಸೆಪ್ಟಿಕ್ ಶಾಕ್ ಬೇರೆ. ಆದರೆ ಕುಸಿದ ದೇಹಕ್ಕೆ ಎಷ್ಟು ನೀರು ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಆಕೆಯ ಮುಖಕ್ಕೆ ಕಳೆ ಬಂತು, ನಾಡಿ ಮರಳಿತು. ಗೆದ್ದೆವೆಂದು ಲಾಟಾ ಹೊರಟುಹೋದ. ವಾಂತಿಭೇದಿ ಮರುಕಳಿಸಿ, ಕೆಲವೇ ಗಂಟೆಗಳಲ್ಲಿ ಮುದುಕಿ ತೀರಿಹೋದಳು. ಮತ್ತೊಮ್ಮೆ ನೀರು ಕೊಟ್ಟಿದ್ದರೆ ಬದುಕುತ್ತಿದ್ದಳು ಎಂದು ಆತನೇ ಆಮೇಲೆ ಬರೆದುಕೊಂಡ. ಒಮ್ಮೆ ಬಡಿಸಿದರೆ ಮುಗಿಯಲಿಲ್ಲ, ತಿರುಗಿ ಬಂದು ತಾಟು ನೋಡಬೇಕು ಎಂಬುದೇ ಮೊದಲ ಪಾಠ.

ಎರಡನೆಯ ಪಾಠ ನಮ್ಮ ದೇಶದ್ದೇ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರೋಜರ್ಸ್ ಅದೇ ಕಾಲರಾಕ್ಕೆ ಉಪ್ಪುನೀರು ಕೊಡುವಾಗ ಅಳತೆಯೊಂದನ್ನು ಇಟ್ಟುಕೊಂಡ. ಗ್ಲಿಸರಿನ್ ಬೆರೆಸಿದ ನೀರಿನ ಪುಟ್ಟ ಸೀಸೆಗಳಲ್ಲಿ ರೋಗಿಯ ರಕ್ತದ ಹನಿ ಬಿಟ್ಟು, ತೇಲುತ್ತದೋ ಮುಳುಗುತ್ತದೋ ನೋಡಿ ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯುತ್ತಿದ್ದ. ಅದರ ಮೇಲೆ ನೀರಿನ ಲೆಕ್ಕ. ಅವನ ವಾರ್ಡಿನಲ್ಲಿ ಸಾವು ಬಹಳ ಇಳಿಯಿತು. 'ಗುರಿ' ಎಂಬುದು ಹೀಗೆ ಒಂದು ಹನಿ ರಕ್ತದಿಂದ ಸುರುವಾಯಿತು.

ಇಲ್ಲಿ ನಮ್ಮ ಮನೆಯ ಕತೆಯೊಂದನ್ನು ಹೇಳಬೇಕು. ಅವ್ವ ಆ ರಾತ್ರಿ ಕರೆದ ಹೆಸರು ನನ್ನ ದೊಡ್ಡವ್ವನದು. ಪೊಲೀಸ್ ಕಾರ್ಯಾಚರಣೆಯ ವರ್ಷ, 1948ರಲ್ಲಿ, ಹದಿನೇಳರ ಹರೆಯದಲ್ಲಿ ಚೊಚ್ಚಲ ಹೆರಿಗೆಯಾಗಿ ಒಂಬತ್ತನೆಯ ದಿನಕ್ಕೆ ಬಾಣಂತಿ ನಂಜಿನಿಂದ ತೀರಿಕೊಂಡಳು. ಇಂದಿನವರು ಅದನ್ನೂ ಸೆಪ್ಟಿಕ್ ಶಾಕ್ ಎಂದೇ ಬರೆಯುತ್ತಿದ್ದರೇನೋ. "ಕಾಲು ತಣ್ಣಗಾದ್ವು, ಮಾತು ತಪ್ಪಿತು, ಆಗಲೇ ನನಗ ತಿಳೀತು" ಎಂದು ಆಯಿ ಹೇಳುತ್ತಿದ್ದಳು. ವಿಯೆನ್ನಾದ ಸೆಮೆಲ್ವೈಸ್ ಹೆರಿಗೆ ಮಾಡಿಸುವವರ ಕೈ ತೊಳೆಸಿ ಆ ನಂಜು ತಡೆದದ್ದು 1847ರಲ್ಲಿ. ಲಂಡನ್ನಿನ ಕೋಲ್‌ಬ್ರೂಕ್ ಸಲ್ಫಾ ಔಷಧಿಯಿಂದ ಅಂಥ ಬಾಣಂತಿಯರನ್ನು ಉಳಿಸಿದ್ದು 1936ರಲ್ಲಿ. ಔಷಧಿ ಲೋಕದಲ್ಲಿತ್ತು, ನಮ್ಮೂರಿಗೆ ಬಂದಿರಲಿಲ್ಲ. ಆಯಿಗೆ ಗುರುತು ಸಿಕ್ಕಿತು, ಆದರೆ ಮಾಡಲು ಏನೂ ಇರಲಿಲ್ಲ. ನನಗೆ ಎಲ್ಲ ಇತ್ತು, ಗುರುತೇ ಸಿಗಲಿಲ್ಲ.

ಇರಲಿ. ಯಂತ್ರಗಳು ಬಂದ ಮೇಲೆ ಗುರಿಗಳು ಏರತೊಡಗಿದವು. ಬದುಕಿದವರ ದೇಹದಲ್ಲಿ ಆಮ್ಲಜನಕದ ಓಡಾಟ ಮಾಮೂಲಿಗಿಂತ ಹೆಚ್ಚಿತ್ತು ಎಂದು ಅಮೆರಿಕದ ಶೂಮೇಕರ್ ಕಂಡಿದ್ದರು. ಹಾಗಾದರೆ ಎಲ್ಲರಲ್ಲೂ ಔಷಧಿಯಿಂದ ಅಷ್ಟೇ ಏರಿಸೋಣ ಎಂಬ ವಿಚಾರ 1980ರ ದಶಕದಲ್ಲಿ ಹಬ್ಬಿತು. 1994ರಲ್ಲಿ ಲಂಡನ್ನಿನ ವೈದ್ಯರು ಪರೀಕ್ಷಿಸಿ ನೋಡಿದರು. ಹಾಗೆ ಏರಿಸಿದ ಗುಂಪಿನಲ್ಲಿ ನೂರಕ್ಕೆ 54 ಜನ ಸತ್ತರು, ಏರಿಸದ ಗುಂಪಿನಲ್ಲಿ 34. ಗಟ್ಟಿ ಎತ್ತು ಜೋರಾಗಿ ನಡೆಯುತ್ತದೆಂದು ಬಡಕಲು ಎತ್ತಿಗೆ ಬಾರುಕೋಲಿನಿಂದ ಹೊಡೆದರೆ ಅದು ಗಟ್ಟಿಯಾದೀತೆ?

2001ರಲ್ಲಿ ಡೆಟ್ರಾಯಿಟ್‌ನ ಇಮ್ಯಾನುಯಲ್ ರಿವರ್ಸ್ ಇನ್ನೊಂದು ದಾರಿ ಹಿಡಿದರು. ರೋಗಿ ಬಂದ ಮೊದಲ ಆರು ಗಂಟೆಯಲ್ಲೇ ಹೃದಯದ ಬಳಿಯ ಒತ್ತಡ ಇಷ್ಟು, ಸರಾಸರಿ ರಕ್ತದೊತ್ತಡ 65, ಮರಳುವ ರಕ್ತದಲ್ಲಿ ಆಮ್ಲಜನಕ ನೂರಕ್ಕೆ 70 ಎಂದು ಮೆಟ್ಟಿಲು ಮೆಟ್ಟಿಲಾಗಿ ಗುರಿ. 263 ರೋಗಿಗಳಲ್ಲಿ ಸಾವು ನೂರಕ್ಕೆ 46.5ರಿಂದ 30.5ಕ್ಕೆ ಇಳಿಯಿತು. ಜಗತ್ತೆಲ್ಲ ಅದನ್ನೇ ಪಾಲಿಸಿತು. 2014–15ರಲ್ಲಿ ಅಮೆರಿಕ, ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಕಡೆಯಿಂದ ಮೂರು ದೊಡ್ಡ ಪರೀಕ್ಷೆಗಳು ಬಂದವು. ಆ ಗುರಿಗಳನ್ನೆಲ್ಲ ಬೆನ್ನಟ್ಟಿದವರಿಗೂ ಸಾಮಾನ್ಯ ಚಿಕಿತ್ಸೆ ಪಡೆದವರಿಗೂ ಸಾವಿನಲ್ಲಿ ವ್ಯತ್ಯಾಸವಿಲ್ಲ! ರಿವರ್ಸ್ ಸುಳ್ಳಾದರು ಎಂದಲ್ಲ. ಬೇಗ ಗುರುತಿಸಿ, ಬೇಗ ಆಂಟಿಬಯಾಟಿಕ್ ಮತ್ತು ಸಲೈನ್ ಕೊಡುವುದು ಅಷ್ಟರಲ್ಲಿ ಎಲ್ಲ ಕಡೆ ರೂಢಿಯಾಗಿತ್ತು. ಬಹುಶಃ ಜೀವ ಉಳಿಸಿದ್ದು ಅಂಕಿಗಿಂತ ಆ 'ಬೇಗ'.

ಇನ್ನು ನೀರಿನ ವಿಷಯ. 2011ರಲ್ಲಿ ಉಗಾಂಡಾ, ಕೀನ್ಯಾ, ತಾಂಜಾನಿಯಾಗಳ ಮೂರು ಸಾವಿರಕ್ಕೂ ಹೆಚ್ಚು ಜ್ವರಪೀಡಿತ ಮಕ್ಕಳ ಪರೀಕ್ಷೆಯಲ್ಲಿ ರಭಸದಿಂದ ಸಲೈನ್ ಕೊಟ್ಟವರೇ ಹೆಚ್ಚು ಸತ್ತರು. 2017ರಲ್ಲಿ ಜಾಂಬಿಯಾದ ದೊಡ್ಡವರಲ್ಲೂ ಹಾಗೇ: ನಿಯಮ ಹಿಡಿದು ನೀರು, ಔಷಧಿ ಹೆಚ್ಚು ಕೊಟ್ಟ ಗುಂಪಿನಲ್ಲಿ ನೂರಕ್ಕೆ 48, ಮಾಮೂಲಿ ಚಿಕಿತ್ಸೆಯಲ್ಲಿ 33. ಉಸಿರಾಟದ ಯಂತ್ರ ಕೈಗೆಟುಕದ ಕಡೆ ಹೆಚ್ಚಾದ ನೀರು ಪುಪ್ಪುಸಕ್ಕೆ ಇಳಿದರೆ ಉಸಿರು ಉಳಿಸುವುದು ಹೇಗೆ? "ಇನ್ನೆರಡು ಹಚ್ಚ್ರಿ" ಎಂದ ತಮ್ಮನಿಗೆ ಇದನ್ನು ಓದಿ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಹಾಗಾದರೆ ಅರವತ್ತೈದು? ಮೇಲಿನ ಬಿ.ಪಿ.ಗೆ ಕೆಳಗಿನದನ್ನು ಎರಡು ಸಲ ಕೂಡಿಸಿ ಮೂರರಿಂದ ಭಾಗಿಸಿ. 90 ಮತ್ತು 54 ಇದ್ದರೆ ಸುಮಾರು 66. ಅದಕ್ಕಿಂತ ಬಹಳ ಕೆಳಗಿಳಿದರೆ ಮಿದುಳು, ಮೂತ್ರಪಿಂಡಗಳು ತಮ್ಮ ಪಾಲಿನ ರಕ್ತ ಹೊಂದಿಸಿಕೊಳ್ಳಲಾರವು. 2014ರಲ್ಲಿ ಫ್ರಾನ್ಸಿನಲ್ಲಿ 776 ರೋಗಿಗಳನ್ನು ಎರಡು ಪಾಲು ಮಾಡಿ, ಒಬ್ಬರಿಗೆ 65–70, ಇನ್ನೊಬ್ಬರಿಗೆ 80–85 ಇಟ್ಟು ನೋಡಿದರು. ಸಾವು ಹೆಚ್ಚುಕಡಿಮೆ ಒಂದೇ. ಏರಿಸಿದವರಲ್ಲಿ ಹೃದಯದ ಬಡಿತ ತಪ್ಪುವುದು ಹೆಚ್ಚಾಯಿತು. ಆದರೆ ಬಹುಕಾಲದಿಂದ ಬಿ.ಪಿ. ಇದ್ದವರಲ್ಲಿ ಮಾತ್ರ, ಮೇಲಿನ ಗುರಿಯವರಿಗೆ ಡಯಾಲಿಸಿಸ್ ಕಡಿಮೆ ಬೇಕಾಯಿತು. ಅವ್ವನ ಮೂತ್ರ ಎರಡನೆಯ ದಿನ ಕಡಿಮೆಯಾದಾಗ ಆ ವೈದ್ಯೆ "ಇವರಿಗೆ ಎಪ್ಪತ್ತೈದು ಇಟ್ಟು ನೋಡೋಣ" ಎಂದದ್ದು ಯಾಕೆಂದು ನನಗೆ ಆಗ ತಿಳಿಯಿತು. ಮುಂದೆ 2020ರಲ್ಲಿ ಇಂಗ್ಲೆಂಡಿನವರು ವಯಸ್ಸಾದವರಲ್ಲಿ 60–65ಕ್ಕೆ ಬಿಟ್ಟರೂ ಸಾವು ಹೆಚ್ಚಲಿಲ್ಲವೆಂದು ತೋರಿಸಿದರು. ಒಂದೇ ಅಂಕಿ ಎಲ್ಲರಿಗೂ ಅಲ್ಲ.

ಬೆರಳಿನ ಗುಟ್ಟು ಕೊನೆಗೆ ಸಿಕ್ಕಿತು. 2019ರಲ್ಲೇ ದಕ್ಷಿಣ ಅಮೆರಿಕದ ಐದು ದೇಶಗಳ ವೈದ್ಯರು 424 ರೋಗಿಗಳಲ್ಲಿ ಎರಡು ಗುರಿಗಳನ್ನು ಹೋಲಿಸಿದ್ದರು. ಒಂದು, ರಕ್ತ ಪರೀಕ್ಷೆಯ ಲ್ಯಾಕ್ಟೇಟ್. ಇನ್ನೊಂದು, ಬೆರಳ ತುದಿಯನ್ನು ಗಾಜಿನ ಪಟ್ಟಿಯಿಂದ ಹತ್ತು ಸೆಕೆಂಡು ಒತ್ತಿ ಬಿಟ್ಟಾಗ ಮೂರು ಸೆಕೆಂಡಿನೊಳಗೆ ಬಣ್ಣ ಮರಳುವುದು. ಬೆರಳು ನೋಡಿದ ಗುಂಪಿನಲ್ಲಿ ಸಾವು ನೂರಕ್ಕೆ 34.9, ಇನ್ನೊಂದರಲ್ಲಿ 43.4. ಖಚಿತವೆನ್ನಲು ಲೆಕ್ಕ ಸ್ವಲ್ಪ ಸಾಲದು, ಆದರೆ ದುಬಾರಿ ಪರೀಕ್ಷೆಗಿಂತ ಬೆರಳು ಕಡಿಮೆಯೇನಲ್ಲ ಎಂಬುದು ಕಂಡಿತು. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅರವತ್ತೈದರ ಜೊತೆಗೆ ಬೆರಳನ್ನೂ ನೋಡಿರೆಂದಿತು.

ಹತ್ತೊಂಬತ್ತು ದಿನಕ್ಕೆ ಅವ್ವ ಮನೆಗೆ ಬಂದಳು. ಮೂತ್ರಪಿಂಡ ಮೊದಲಿನಂತಾಗಲಿಲ್ಲ, ನೆನಪೂ ಅಲ್ಲಲ್ಲಿ ಹರಿದಿತ್ತು. ಆದರೂ ಮೂರು ವರ್ಷ ನಮ್ಮ ನಡುವೆ ಇದ್ದಳು. ಆ ಒಂದು ರಾತ್ರಿ ಉಳಿಸಿದ್ದರೆ ಇನ್ನಷ್ಟು ಉಳಿಯುತ್ತಿತ್ತೇ? ಇದಕ್ಕೆ ಯಾವ ಪರೀಕ್ಷೆಯೂ ಉತ್ತರ ಹೇಳುವುದಿಲ್ಲ.

ಕಳೆದ ವಾರ ಗುಡಿಗೆ ಹೋಗಿದ್ದೆ. ಪಂಕ್ತಿಯಲ್ಲಿ ಬಡಿಸುವಾಕೆ ನನ್ನ ಮುಂದೆ ಬಗ್ಗಿ "ಸಾಕೇನ್ರೀ ಅಕ್ಕಾರ?" ಎಂದಳು. ಎರಡು ಶತಮಾನದ ವೈದ್ಯರು ಸುತ್ತಿ ಬಳಸಿ ಕಲಿತದ್ದು ಹೆಚ್ಚುಕಡಿಮೆ ಇದನ್ನೇ ಎನಿಸಿತು: ಅಳತೆ ಇರಲಿ, ಆದರೆ ಬಡಿಸಿ, ಮುಖ ನೋಡಿ, ಮತ್ತೆ ಬಡಿಸಿ.

ಆ ಗುರಿ ಆರಿಸುವುದು ವೈದ್ಯರ ಕೆಲಸ. ಅವರಿಗೆ ಸಮಯ ಉಳಿಸಿಕೊಡುವುದು ನಮ್ಮದು. ಜ್ವರ, ನಡುಕ ಬಂದವರ ಮಾತು ತಪ್ಪಿದರೆ, ಉಸಿರು ಜೋರಾದರೆ, ಮೂತ್ರ ಕಡಿಮೆಯಾದರೆ, ಕೈಕಾಲು ತಣ್ಣಗಾದರೆ, ಅದು ಮುದುಕರಾಗಲಿ, ಬಾಣಂತಿಯಾಗಲಿ, ಮುಂಜಾನೆ ನೋಡೋಣ ಎನ್ನಬೇಡಿ. ಚಾದರ ಹೊದಿಸಿ ಬರಬೇಡಿ. ಆ ರಾತ್ರಿಯೇ ಹೊರಡಿ.