ಟೇಲರ್ ಸಾಹೇಬ ಬರೆದ, ಕಲ್ಲು ಎತ್ತಿದವರು ಯಾರು?



ಹೋದ ತಿಂಗಳು ಕೇರಿಯ ನಾಲ್ಕು ಹುಡುಗರನ್ನ ಕರ್ಕೊಂಡು ಯಾದಗಿರಿಯಿಂದ ಶಹಾಪುರ, ಸುರಪುರ ದಾಟಿ ರಾಜನಕೋಳೂರಿಗೆ ಹೋಗಿದ್ದೆ. ಸಾವಿರಾರು ವರ್ಷ ಹಳೆಯ ಬಂಡೆಗಲ್ಲಿನ ಗೋರಿಗಳು ಅಲ್ಲಿವೆ. "ಅಣ್ಣಾ, ಇವನ್ನ ಯಾರು ಕಂಡುಹಿಡಿದ್ರು?" ಅಂತ ಒಬ್ಬ ಕೇಳಿದ. "ಮೆಡೋಸ್ ಟೇಲರ್ ಅಂತ ಒಬ್ಬ ಇಂಗ್ಲಿಷಿನವ" ಅಂದೆ. ಅಲ್ಲೇ ಆಡು ಮೇಯಿಸ್ತಿದ್ದ ಮುತ್ಯಾ ನಕ್ಕು, "ಹಂಗಾದ್ರ ನಮ್ಮ ಹಿರೇರು ಇಲ್ಲೇ ದನ ಕಾಯ್ತಿದ್ರಲ್ಲ ತಮ್ಮಾ, ಅವರಿಗೆ ಕಣ್ಣು ಇರಲಿಲ್ಲೇನು?" ಅಂದ. ಅವತ್ತಿಂದ ಆ ಮಾತು ತಲೆಯಲ್ಲಿ ಕೊರೀತಾ ಇದೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. 1824ರಲ್ಲಿ, ಹದಿನೈದರ ಹುಡುಗ, ಮುಂಬೈನ ವ್ಯಾಪಾರಿಯೊಬ್ಬನ ಹತ್ತಿರ ಕೆಲಸಕ್ಕೆ ಅಂತ ಬಂದ. ಆ ವ್ಯಾಪಾರ ಮುಳುಗುವ ಹಂತದಲ್ಲಿತ್ತು, ನಿಜಾಮನ ಸೈನ್ಯ ಸೇರಿದ. ಮದುವೆಯಾಗಿದ್ದು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳನ್ನ. ಆ ಪಾಮರನ ತಂದೆ ಇಂಗ್ಲಿಷ್ ಜನರಲ್, ತಾಯಿ ಮುಸ್ಲಿಂ ಹೆಣ್ಣುಮಗಳು. ಹಿಂಗೆ ಟೇಲರನ ಮನೆಯೊಳಗೇ ಎರಡು ಲೋಕ ಇದ್ದವು.

1841ರಿಂದ 1853ರವರೆಗೆ ಸುರಪುರದ ಆಡಳಿತ ಅವನ ಕೈಯಲ್ಲಿತ್ತು, ಯಾಕಂದ್ರೆ ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕ. ರಸ್ತೆ ಮಾಡಿಸಿದ, ಬೋನಾಳ ಕೆರೆಯ ಕೆಲಸ ಮಾಡಿಸಿದ. ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಇವತ್ತಿಗೂ ಟೇಲರ್ ಮಂಜಿಲ್. ಜನ ಅವನನ್ನ ಮಹಾದೇವ ಬಾಬಾ ಅಂತಿದ್ರು, ಎಳೆಯ ರಾಜ ಅಪ್ಪಾ ಅಂತಿದ್ದ.

ಹಗಲು ಕಚೇರಿ, ಬಿಡುವಿನಲ್ಲಿ ಬರಹ. ಲಂಡನ್ನಿನ ಟೈಮ್ಸ್ ಪತ್ರಿಕೆಗೆ 1840ರಿಂದ 1853ರವರೆಗೆ ಇಲ್ಲಿಂದ ವರದಿ ಕಳಿಸಿದ. 1839ರಲ್ಲಿ ಬಂದ ಅವನ ಮೊದಲ ಕಾದಂಬರಿ ಠಕ್ಕರ ಕುರಿತದ್ದು. ಅದರಲ್ಲಿ ಕಥೆ ಹೇಳೋನು ಅಮೀರ್ ಅಲಿ ಅನ್ನೋ ಠಕ್ಕ. ಗಮನಿಸಿ: 'ನಾನು' ಅನ್ನೋನು ಅಮೀರ್ ಅಲಿ, ಲೇಖನಿ ಸಾಹೇಬಂದು, ಓದುಗರು ಇಂಗ್ಲೆಂಡಿನವರು.

ಗೋರಿಗಳ ವಿಷಯದಲ್ಲೂ ಅದೇ ಆಯಿತು. ಸುರಪುರ, ಜೇವರ್ಗಿ ಭಾಗದಲ್ಲಿ ಅಗೆಸಿದ, ಅಳತೆ ತೆಗೆದ, ಚಿತ್ರ ಬರೆದ. ಆ ಶ್ರಮಕ್ಕೆ ನಾನು ತಲೆಬಾಗ್ತೀನಿ. ಆದ್ರೆ ಅವನಿಗೆ ಆ ಕಲ್ಲುಗಳಲ್ಲಿ ಕಂಡಿದ್ದು ಯುರೋಪಿನ ಕೆಲ್ಟರು, ಮಧ್ಯ ಏಷ್ಯಾದ ಸಿಥಿಯನ್ನರು. ಇಲ್ಲಿನ ಹೊಲದಲ್ಲಿ ದುಡಿಯೋ ಮಂದಿಯ ಹಿರೀಕರು ಇವನ್ನ ಕಟ್ಟಿರಬಹುದಲ್ಲ? ಅಷ್ಟು ದೊಡ್ಡ ಚಪ್ಪಡಿಗಳನ್ನ ಸಾಹೇಬ ಒಬ್ಬನೇ ಸರಿಸಿರಲಿಕ್ಕಿಲ್ಲ. ಗುದ್ದಲಿ ಹಿಡಿದವರ ಹೆಸರು ಯಾವ ಹುಡುಗನ ಬಾಯಲ್ಲೂ ಇಲ್ಲ.

1858ರಲ್ಲಿ ರಾಜ ಬ್ರಿಟಿಷರ ವಿರುದ್ಧ ತಿರುಗಿಬಿದ್ದ, ಸೆರೆಯಾದ. ಟೇಲರ್ ಸೆರೆಮನೆಗೆ ಹೋಗಿ ಅವನನ್ನ ಕಂಡ. ಅದೇ ವರ್ಷ ರಾಜ ಗುಂಡು ತಗುಲಿ ಸತ್ತ. ಅಪ್ಪಾ ಅನ್ನಿಸಿಕೊಂಡವನೇ ಮತ್ತೆ ಸುರಪುರಕ್ಕೆ ಸರ್ಕಾರದ ಅಧಿಕಾರಿಯಾಗಿ ಬಂದ. ಅವನ ದುಃಖ ಸುಳ್ಳು ಅಂತ ನಾನು ಅನ್ನಲ್ಲ. ಆದ್ರೆ ಎರಡು ದಡದ ಮಧ್ಯೆ ನಿಂತವನಿಗೆ ಸಂಬಳ ಯಾವ ದಡದಿಂದ ಬರ್ತದೆ ಅನ್ನೋದು ಅಂಥ ದಿನ ಗೊತ್ತಾಗ್ತದೆ. ಅವನು 1876ರಲ್ಲಿ ತೀರಿಕೊಂಡ. ಮರುವರ್ಷ ಆತ್ಮಕಥೆ ಅಚ್ಚಾಯಿತು. ಅದು ಇರೋದರಿಂದ ಸುರಪುರದ ಆ ಕಾಲ ಅಂದ್ರೆ ಇವತ್ತಿಗೂ ಟೇಲರ್ ಕಂಡ ಸುರಪುರವೇ.

ಟೇಲರನನ್ನ ಬೈಯೋಕೆ ಇದನ್ನ ಬರೀತಿಲ್ಲ. ಅವನು ಬರೆದ, ಉಳಿದ. ನಮ್ಮವರು ದುಡಿದರು, ಬರೆಯೋಕೆ ಅವರಿಗೆ ಅಕ್ಷರವನ್ನೇ ಕೊಡಲಿಲ್ಲ. ಮುದ್ದೇಬಿಹಾಳದ ಅರವಿಂದ ಮಾಲಗತ್ತಿ 'ಗೌರ್ಮೆಂಟ್ ಬ್ರಾಹ್ಮಣ' ಪ್ರಕಟಿಸಿದ್ದು 1994ರಲ್ಲಿ. ಅಲ್ಲಿ 'ನಾನು' ಅನ್ನೋನೂ ನಮ್ಮವನೇ, ಲೇಖನಿಯೂ ನಮ್ಮದೇ. ಟೇಲರನ ಆತ್ಮಕಥೆಯಿಂದ ಇಲ್ಲಿಗೆ ಬರೋಕೆ 117 ವರ್ಷ ಬೇಕಾಯ್ತು.

ನಾನು ಕಚೇರಿಯಲ್ಲಿ ದಿನಾ ಬೇರೆಯವರ ಟಿಪ್ಪಣಿ ಬರೆಯೋ ಗುಮಾಸ್ತ. ಬರುವ ಭಾನುವಾರ ಮತ್ತೆ ರಾಜನಕೋಳೂರಿಗೆ ಹೋಗ್ತೀನಿ, ಆ ಮುತ್ಯಾನ ಮಾತು ಬರ್ಕೊಳ್ಳೋಕೆ. ನಿಮ್ಮ ಮನೆಯಲ್ಲೂ ಒಬ್ಬ ಮುತ್ಯಾ, ಒಬ್ಬ ಆಯಿ ಇರ್ತಾರೆ. ಅವರು ಇರುವಾಗಲೇ ಕೇಳ್ರಿ, ಬರೀರಿ.