ಕೈಗೆ ಗೊತ್ತಾಗದ ಎಂಜಿನ್

ದಂಡಿಗನಹಳ್ಳಿ ಕಡೆಯ ನಮ್ಮಂಥೋರಿಗೆ ವಿಮಾನ ಅಂದ್ರೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನೆನಪಾಗ್ತಾರೆ, ಅಲ್ವಾ? 2003ರಲ್ಲಿ ಅವರ ಏರ್ ಡೆಕ್ಕನ್ ಶುರುವಾಗಿದ್ದು ಎಟಿಆರ್ ಅನ್ನೋ ಪ್ರೊಪೆಲ್ಲರ್ ವಿಮಾನದಿಂದ. ಆಮೇಲೆ ಏರ್‌ಬಸ್ ಎ320 ಜೆಟ್ ಬಂತು. ಇವೆರಡನ್ನೂ ಹಾರಿಸೋದು ಒಂದೇ ಥರ ಅಲ್ಲ. ಯಾಕೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಬನ್ನಿ.

ಕಾನ್ಪುರದಲ್ಲಿ ಕಟ್ಟಿದ ಆವ್ರೊ ಮೊದಲು ಹಾರಿದ್ದು 1961ರಲ್ಲಿ. ಇಂಡಿಯನ್ ಏರ್‌ಲೈನ್ಸ್ ಅದನ್ನ ವರ್ಷಗಟ್ಟಲೆ ಓಡಿಸ್ತು. ಪೈಲಟ್ ಹಿಡಿಯ ಎಳೆತ ನೇರವಾಗಿ ರೆಕ್ಕೆ, ಬಾಲದ ಪಟ್ಟಿಗಳಿಗೆ ಹೋಗ್ತಿತ್ತು. ಗಾಳಿ ಒದ್ದರೆ ಕೈಗೇ ಗೊತ್ತಾಗೋದು. ಇನ್ನೊಂದು ಅನುಕೂಲ: ಪ್ರೊಪೆಲ್ಲರ್ ಬೀಸೋ ಗಾಳಿ ರೆಕ್ಕೆ ಮೇಲೇ ಹರಿಯುತ್ತೆ, ಹಾಗಾಗಿ ಲಿವರ್ ಮುಂದೆ ತಳ್ಳಿದ್ರೆ ವಿಮಾನ ಬೇಗ ಮೇಲೇಳುತ್ತೆ. ಹಾಗಂತ ಆವ್ರೊ ದೇವರ ರಥ ಏನಲ್ಲ. 1981ರಲ್ಲಿ ಬಜಪೆಯಲ್ಲಿ ಒಂದು ಆವ್ರೊ ರನ್‌ವೇ ದಾಟಿಯೇ ಹೋಗಿತ್ತು.

ಈಗ 1990ರ ಫೆಬ್ರವರಿ 14. ಬಾಂಬೆಯಿಂದ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳೀತಿದ್ದ ಇಂಡಿಯನ್ ಏರ್‌ಲೈನ್ಸ್ 605. ಎ320 ನಮ್ಮ ದೇಶಕ್ಕೆ ಬಂದು ಇನ್ನೂ ಒಂದು ವರ್ಷ ಆಗಿರ್ಲಿಲ್ಲ. ಹಗಲು ಹೊತ್ತು, ಆಕಾಶ ಶುಭ್ರ. ಆದ್ರೆ ಸ್ವಯಂಚಾಲಿತ ವ್ಯವಸ್ಥೆ ತಪ್ಪು ಮೋಡ್‌ಗೆ ಹೋಗಿ, ಎಂಜಿನ್‌ಗಳು ಐಡಲ್‌ನಲ್ಲೇ ಉಳಿದುಬಿಟ್ಟವು. ವಿಮಾನ ಕೆಳಗಿಳೀತಾ ಇತ್ತು, ವೇಗವೂ ಕುಸೀತಾ ಇತ್ತು.

ಇಲ್ಲಿ ಗಮನಿಸಿ. ಬೋಯಿಂಗ್ 737ರಲ್ಲಿ ಯಂತ್ರವೇ ಎಂಜಿನ್ ಬಲ ಕಡಿಮೆ ಮಾಡಿದ್ರೂ ಲಿವರ್ ತಾನಾಗೇ ಹಿಂದೆ ಸರಿಯುತ್ತೆ, ಮೇಲಿಟ್ಟ ಕೈಗೆ ಅದು ತಿಳಿಯುತ್ತೆ. ಎ320ರಲ್ಲಿ ಲಿವರ್ ಇದ್ದಲ್ಲೇ ಇರುತ್ತೆ. ಪರದೆ ನೋಡಿದ್ರೆ ಮಾತ್ರ ಗೊತ್ತು.

ಕೊನೇ ಕ್ಷಣದಲ್ಲಿ ಲಿವರ್ ಪೂರ್ತಿ ತಳ್ಳಿದ್ರು. ಜೆಟ್ ಎಂಜಿನ್ ಐಡಲ್‌ನಿಂದ ಪೂರ್ಣ ಬಲಕ್ಕೆ ಬರೋಕೆ ಹಲವು ಸೆಕೆಂಡ್ ಬೇಕು. ಅಷ್ಟು ಸಮಯ ಇರ್ಲಿಲ್ಲ. ವಿಮಾನ ರನ್‌ವೇಗಿಂತ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಡೀತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡ್ರು.

ಪೈಲಟ್‌ಗಳು ಅಪಾಯವನ್ನ ಬೇಗ ಗುರುತಿಸಲಿಲ್ಲ ಅಂತ ತನಿಖೆ ಹೇಳಿತು. ನಿಜವೇ. ಆದ್ರೆ ನನಗನ್ನಿಸೋದು, ಗುರುತಿಸೋಕೆ ಕೈಗೆ ಸಿಗ್ತಿದ್ದ ಒಂದು ಸುಳಿವನ್ನ ಯಂತ್ರವೇ ಕಿತ್ಕೊಂಡಿತ್ತು. ಇವತ್ತಿಗೂ ಏರ್‌ಬಸ್ ಲಿವರ್ ಹಾಗೇ ಇದೆ. ಪರದೆ ಓದೋ ತರಬೇತಿ ಮಾತ್ರ ಬಿಗಿಯಾಗಿದೆ. 2013ರಲ್ಲಿ ಅಮೆರಿಕದ ಎಫ್‌ಎಎ ಕೂಡ, ಸೂಕ್ತ ಸಮಯದಲ್ಲಿ ಪೈಲಟ್‌ಗಳು ಕೈಯಾರೆ ಹಾರಿಸಲಿ ಅಂತ ಕಂಪನಿಗಳಿಗೆ ಬರೆದಿತ್ತು.

ಗೋಪಿನಾಥ್ ತಂದ ಎಟಿಆರ್‌ನಲ್ಲೂ ಆಟೋಪೈಲಟ್ ಇತ್ತು ಕಣ್ರೋ. ಪವರ್ ಲಿವರ್ ಮಾತ್ರ ಪೈಲಟ್ಟೇ ಸರಿಸಬೇಕಿತ್ತು.