ಮನೆಯ ಆಲ್ಬಂ ಮತ್ತು ಖಾಸಗಿತನದ ಹಕ್ಕು

ನಾಗಸಂದ್ರದ ಒಂದು ಮನೆಯಲ್ಲಿ ಎಲ್ಲರೂ ತಮ್ಮ ಫೋಟೋಗಳನ್ನು ಒಂದೇ ಗಣಕಯಂತ್ರದಲ್ಲಿ ಕೂಡಿಡುತ್ತಾರೆ ಎನ್ನೋಣ. ಅಕ್ಕನ ಚಿತ್ರವನ್ನು ತಮ್ಮ ಅವಳನ್ನು ಕೇಳದೆ ಸೇರಿಸಿದರೆ? ಹಿಂದೆ ಆಲ್ಬಂ ಬೀರುವಿನಲ್ಲಿರುತ್ತಿತ್ತು, ಬೀಗದ ಕೈ ಅಮ್ಮನ ಸೆರಗಿನಲ್ಲಿ.

1962ರ ಖರಕ್ ಸಿಂಗ್ ಮೊಕದ್ದಮೆಯಲ್ಲಿ, ಪೊಲೀಸರು ರಾತ್ರಿ ವೇಳೆ ಮನೆಗೆ ಬಂದು ವಿಚಾರಿಸುವುದನ್ನು ಸುಪ್ರೀಂ ಕೋರ್ಟು ರದ್ದುಪಡಿಸಿತು. ಖಾಸಗಿತನ ಮೂಲಭೂತ ಹಕ್ಕೆಂದು ಮಾತ್ರ ಒಪ್ಪಲಿಲ್ಲ. ಎಂತಹ ವಿಚಿತ್ರ! ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕೆಂದು ಸಾರಿದರು.

ಆದರೆ ಗಮನಿಸಿ: ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯಿದೆ, ವ್ಯಕ್ತಿಯೊಬ್ಬ ಸ್ವಂತಕ್ಕೆ ಅಥವಾ ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಕ್ಕ ‘ತೆಗೆದುಬಿಡು’ ಎಂದರೆ, ಆ ಕಾಯಿದೆಯಲ್ಲಿ ಅವಳಿಗೆ ಆಸರೆಯಿಲ್ಲ, ಕೇಳಬೇಕಾದವನು ತಮ್ಮನೇ.